ಪುಕ್ಕಟೆ ಪ್ರಯಾಣದ ಬೆಲೆ

ಹಳೆಯ ಬಟ್ಟೆಗಳನ್ನು ತೆಗೆದುಕೊಂಡು ಹೊಸ ಪಾತ್ರೆಗಳನ್ನು ಕೊಡುವ ಹೆಂಗಸರನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ತಲೆಯ ಮೇಲಿನ ಬುಟ್ಟಿಯನ್ನು ಜಗಲಿಯ ಮೇಲಿಳಿಸಿ, ಥಳಥಳಿಸುವ ಸ್ಟೀಲಿನ ಡಬರಿಗಳನ್ನೂ ತಟ್ಟೆಗಳನ್ನೂ ಸಾಲಾಗಿಟ್ಟು, "ಎರಡು ಸೀರೆ, ಎರಡು ಪ್ಯಾಂಟು ಕೊಡಿ ತಾಯಿ, ಈ ಡಬರಿ ನಿಮ್ಮದೇ, ಒಂದು ಕಾಸೂ ಬೇಡ" ಎಂದು ಆಕೆ ಹೇಳುವಾಗ, ಹಳೆಯ ಬಟ್ಟೆಯು ಬೆಲೆಯೇ ಇಲ್ಲದ ವಸ್ತುವಾಗಿಯೂ, ಡಬರಿಯು ಆಕಾಶದಿಂದ ಉದುರಿದ ಲಾಭವಾಗಿಯೂ ತೋರುವುದು ಸಹಜವೇ. ನಮ್ಮ ತಾಯಿಯವರು ಮಾತ್ರ ಈ ಮೋಹಕ್ಕೆ ಎಂದೂ ಒಳಗಾದವರಲ್ಲ. ಅವರು ಬಾಗಿಲಲ್ಲಿ ನಿಂತು ಮೂರು ಮಾತನ್ನು ಯೋಚಿಸುವರು. ಇದೇ ಡಬರಿಗೆ ಅಂಗಡಿಯಲ್ಲಿ ಎಷ್ಟು ಬೆಲೆ? ಈ ಸೀರೆಗಳು ಬಾಣಂತಿಯ ಮನೆಗೋ ಮತ್ತಾವುದಕ್ಕೋ ಒದಗುತ್ತಿದ್ದುವಲ್ಲವೆ? ಎಲ್ಲಕ್ಕಿಂತಲೂ ಮುಖ್ಯವಾಗಿ, ನಮ್ಮ ಮನೆಗೆ ಈಗ ಡಬರಿ ಬೇಕಾಗಿದೆಯೆ? ಈ ಮೂರಕ್ಕೂ ಉತ್ತರ ದೊರೆತಮೇಲೆಯೇ ಅವರು ಬೀರುವಿನ ಬಾಗಿಲು ತೆಗೆಯುವರು.

ಇಂಥದೇ ವ್ಯಾಪಾರವು ಈಚೆಗೆ ಬುಟ್ಟಿಯಿಲ್ಲದೆ, ಜಗಲಿಯಿಲ್ಲದೆ, ಮೊಬೈಲಿನ ಪರದೆಯ ಮೇಲೆಯೇ ನಡೆಯುತ್ತಿದೆ. ವಿಮಾನದಲ್ಲಿ ಪದೇಪದೇ ಸಂಚರಿಸುವವರಿಗೆ ಆಯಾ ಸಂಸ್ಥೆಯವರು ಪಾಯಿಂಟುಗಳನ್ನು ಕೊಡುವರು. ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ಕೊಂಡವರಿಗೂ ಬ್ಯಾಂಕಿನವರು ಅವನ್ನು ಹಂಚುವರು. ಕೆಲವು ವರ್ಷಗಳಲ್ಲಿ ಅವು ಸಾವಿರಾರು ಆಗುವುವು. ಆಗ "ಪಾಯಿಂಟು ಕೊಡಿ, ಗೋವೆಗೆ ಹೋಗಿಬನ್ನಿ, ಸಮುದ್ರತೀರದಲ್ಲಿ ತಂಗಿರಿ" ಎಂಬ ಆಹ್ವಾನಗಳು ಬರತೊಡಗುವುವು. ಇವುಗಳ ನಿಜವಾದ ಬೆಲೆಯನ್ನು ಗೃಹಸ್ಥರು ಹೇಗೆ ಕಟ್ಟಬೇಕೆಂಬುದೇ ಈ ಲೇಖನದ ವಿಷಯ. ನಾವು ವೃತ್ತಿಯಿಂದ ಲೆಕ್ಕಪರಿಶೋಧಕರು. ಪರರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕಿ ತೆಗೆಯುವವರು. ಹಾಗಿದ್ದೂ ಈ ವಿಷಯದಲ್ಲಿ ನಮ್ಮ ಮನೆಯ ಲೆಕ್ಕವೇ ತಪ್ಪಿತು. ಆ ತಪ್ಪನ್ನು ಬಚ್ಚಿಡುವುದಕ್ಕಿಂತ ವಾಚಕರ ಮುಂದಿಡುವುದೇ ಮೇಲೆಂದು ತೋರಿತು.

ಈ ಪದ್ಧತಿಯ ಮೂಲವನ್ನು ಮೊದಲು ಸ್ವಲ್ಪ ತಿಳಿಯುವುದು ಒಳ್ಳೆಯದು. ಅಮೆರಿಕ ದೇಶದಲ್ಲಿ 1978ರವರೆಗೆ ವಿಮಾನಪ್ರಯಾಣದ ದರಗಳು ಸರ್ಕಾರದ ಹತೋಟಿಯಲ್ಲಿದ್ದುವು. ಆ ವರ್ಷ ಕಾನೂನು ಬದಲಾದೊಡನೆ ಸಂಸ್ಥೆಗಳಲ್ಲಿ ಪೈಪೋಟಿ ಹೆಚ್ಚಿತು. ಗಿರಾಕಿಯು ಇಂದು ಒಬ್ಬರ ವಿಮಾನವನ್ನೂ ನಾಳೆ ಇನ್ನೊಬ್ಬರದನ್ನೂ ಹತ್ತಬಹುದಾಗಿದ್ದುದರಿಂದ, ಅವನನ್ನು ತಮ್ಮಲ್ಲಿಯೇ ನಿಲ್ಲಿಸಿಕೊಳ್ಳುವ ಉಪಾಯವನ್ನು ಅವರು ಹುಡುಕಬೇಕಾಯಿತು. 1981ನೆಯ ಇಸವಿಯ ಮೇ ತಿಂಗಳಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು, ಹಾರಿದ ಮೈಲಿಗಳನ್ನು ಎಣಿಸಿ ಪುಕ್ಕಟೆ ಟಿಕೇಟು ಕೊಡುವ ಯೋಜನೆಯನ್ನು ಹೊರಡಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯವರೂ ಅದನ್ನೇ ಮಾಡಿದರು. ಕ್ರಮೇಣ ಬ್ಯಾಂಕಿನವರು ಈ ಪಾಯಿಂಟುಗಳನ್ನು ವಿಮಾನಸಂಸ್ಥೆಗಳಿಂದ ಹಣ ಕೊಟ್ಟು ಕೊಂಡು ತಮ್ಮ ಗಿರಾಕಿಗಳಿಗೆ ಹಂಚತೊಡಗಿದರು. ಹೀಗೆ ಬಹುಮಾನವಾಗಿ ಹುಟ್ಟಿದ್ದು ಮಾರಾಟದ ಸರಕಾಗಿ ಬೆಳೆಯಿತು. 2020ರಲ್ಲಿ ಸಾಂಕ್ರಾಮಿಕದಿಂದ ವಿಮಾನಗಳು ನಿಂತಾಗ, ಯುನೈಟೆಡ್ ಸಂಸ್ಥೆಯು ತನ್ನ ಪಾಯಿಂಟು ಯೋಜನೆಯನ್ನೇ ಆಧಾರವಾಗಿಟ್ಟು ನೂರಾರು ಕೋಟಿ ಡಾಲರುಗಳ ಸಾಲವನ್ನು ಎತ್ತಿತು. ಕೊಡುವವರಿಗೆ ಅದು ಅಡವಿಡಬಹುದಾದ ಆಸ್ತಿ. ಪಡೆಯುವ ನಾವು ಮಾತ್ರ ಅದನ್ನು ಪುಕ್ಕಟೆಯೆಂದು ತಿಳಿದು ಲೆಕ್ಕವಿಡದೆ ಖರ್ಚುಮಾಡುತ್ತೇವೆ.

ಲೆಕ್ಕವಿಟ್ಟವನು ಏನು ಮಾಡಬಲ್ಲನೆಂಬುದಕ್ಕೆ ಕ್ಯಾಲಿಫೋರ್ನಿಯದ ಡೇವಿಡ್ ಫಿಲಿಪ್ಸ್ ಎಂಬ ಇಂಜಿನಿಯರರ ಕಥೆಯಿದೆ. 1999ರಲ್ಲಿ ಒಂದು ಆಹಾರದ ಕಂಪೆನಿಯು ತನ್ನ ಪದಾರ್ಥಗಳ ಹತ್ತು ಚೀಟಿಗಳನ್ನು ಕಳುಹಿಸಿದವರಿಗೆ 500 ಮೈಲಿಗಳನ್ನೂ, ಮೊದಲೇ ಕಳುಹಿಸಿದವರಿಗೆ ಅದರ ಎರಡರಷ್ಟನ್ನೂ ಕೊಡುವುದಾಗಿ ಸಾರಿತು. ಫಿಲಿಪ್ಸರು ಅಂಗಡಿ ಅಂಗಡಿ ಹುಡುಕಿ, ಅದೇ ಕಂಪೆನಿಯ ಪುಡಿಂಗೆಂಬ ಸಿಹಿಯ ಬಟ್ಟಲು ಕಾಲು ಡಾಲರಿಗೆ ಸಿಕ್ಕುವುದನ್ನು ಕಂಡು, 12,150 ಬಟ್ಟಲುಗಳನ್ನು ಕೊಂಡರು. ಅಷ್ಟನ್ನು ತಿನ್ನುವುದು ಯಾರಿಂದ ಸಾಧ್ಯ! ಪುಡಿಂಗನ್ನು ಒಂದು ಧರ್ಮಸಂಸ್ಥೆಗೆ ದಾನಮಾಡಿ, ಅದಕ್ಕೆ ಪ್ರತಿಯಾಗಿ ಚೀಟಿ ಕೀಳುವ ಕೆಲಸವನ್ನು ಅಲ್ಲಿಯವರಿಂದಲೇ ಮಾಡಿಸಿಕೊಂಡರು. ಸುಮಾರು 3,000 ಡಾಲರುಗಳಿಗೆ ಹನ್ನೆರಡು ಲಕ್ಷಕ್ಕೂ ಮೀರಿದ ಮೈಲಿಗಳು ಅವರಿಗೆ ಬಂದುವು. ಈ ಕಥೆಯನ್ನು ಕೇಳಿದವರು ಅವರ ಅದೃಷ್ಟವನ್ನು ಹೊಗಳುವುದುಂಟು. ಅದೃಷ್ಟಕ್ಕಿಂತ ಹೆಚ್ಚಾಗಿ ಅವರು ನಮ್ಮ ತಾಯಿಯವರ ಮೊದಲನೆಯ ಪ್ರಶ್ನೆಯನ್ನು ಕೇಳಿದ್ದರು: ಒಂದು ಮೈಲಿಗೆ ನನ್ನ ಕೈಯಿಂದ ಹೋಗುವುದೆಷ್ಟು, ಅದರಿಂದ ಬರುವುದೆಷ್ಟು?

ಇನ್ನು ನಮ್ಮ ಮನೆಯ ಸಂಗತಿ. ಬೆಂಗಳೂರಿನಿಂದ ಮುಂಬಯಿ ದೆಹಲಿಗಳಿಗೆ ಕಚೇರಿಯ ಕೆಲಸದ ಮೇಲೆ ಹೋಗಿಬರುತ್ತಿದ್ದ ನಮ್ಮ ಹೆಸರಿನಲ್ಲಿ 2023ರ ಆರಂಭಕ್ಕೆ 59,000 ಪಾಯಿಂಟುಗಳು ಸೇರಿದ್ದುವು. ಆ ಸಂಕ್ರಾಂತಿಯ ಮರುದಿನ ತಾಯಿಯವರು, "ನಿನ್ನ ಪಾಯಿಂಟಿನಲ್ಲಿ ನನ್ನನ್ನು ಒಂದು ಸಲ ಮುಂಬಯಿಗೆ ಕರೆದುಕೊಂಡು ಹೋಗಬಹುದೇನಪ್ಪಾ? ಅಕ್ಕನನ್ನು ನೋಡಿ ಆರು ವರ್ಷವಾಯಿತು" ಎಂದು ಕೇಳಿದರು. ನಮ್ಮ ದೊಡ್ಡಮ್ಮನವರು ಮದುವೆಯಾದಂದಿನಿಂದಲೂ ಮಾಟುಂಗದಲ್ಲಿಯೇ ಇದ್ದವರು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನಿನ ದೆಸೆಯಿಂದ ಕನ್ನಡಿಗರಿಗೆ ಆ ಬಡಾವಣೆಯು ಪರಸ್ಥಳವೆನಿಸುವುದಿಲ್ಲ. ದೊಡ್ಡಮ್ಮನವರಿಗೆ ಆಗ ಎಂಬತ್ತೆರಡು ವರ್ಷ. ಆದರೂ ಕೋಲು ಹಿಡಿಯದೆ ಮಾರ್ಕೆಟ್ಟಿಗೆ ನಡೆದುಹೋಗಿ ತರಕಾರಿ ತರುತ್ತಿದ್ದರು. ತಾಯಿಯವರಿಗೆ ಎಪ್ಪತ್ತಾರು; ಒಂದು ಹಗಲು ಒಂದು ರಾತ್ರಿಯ ರೈಲುಪ್ರಯಾಣವು ಅವರ ಮಂಡಿಗಳಿಗೆ ಆಗದು.

ನಾವು ಕೂಡಲೇ ಲೆಕ್ಕಹಾಕಿದೆವು. ಮುಂಬಯಿಗೆ ಒಂದು ಕಡೆಯ ಟಿಕೇಟಿಗೆ 4,600 ರೂಪಾಯಿ. ಪಾಯಿಂಟಿನಲ್ಲಾದರೆ 9,000 ಪಾಯಿಂಟುಗಳು, ಜೊತೆಗೆ ತೆರಿಗೆಯೆಂದು 900 ರೂಪಾಯಿ. ಅಂದರೆ 9,000 ಪಾಯಿಂಟುಗಳಿಂದ ಉಳಿಯುವ ಹಣ 3,700 ರೂಪಾಯಿ. ಒಂದು ಪಾಯಿಂಟಿಗೆ ಬಿದ್ದುದು 41 ಪೈಸೆ. "ಈಗ ಟಿಕೇಟು ಅಗ್ಗವಾಗಿದೆ ಅಮ್ಮ, ಪಾಯಿಂಟನ್ನು ಇಂಥದಕ್ಕೆ ಹಾಕಿದರೆ ದಂಡ. ಸ್ವಲ್ಪ ತಡೆ, ಒಳ್ಳೆಯ ಸಮಯ ನೋಡಿ ಹೋಗೋಣ" ಎಂದೆವು. ಟಿಕೇಟು ಅಗ್ಗವಾಗಿದ್ದರೆ ಹಣ ಕೊಟ್ಟೇ ಕರೆದುಕೊಂಡು ಹೋಗಬಹುದಾಗಿತ್ತಲ್ಲವೆ ಎಂದು ವಾಚಕರು ಕೇಳಬಹುದು. ತಾಯಿಯವರು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಪಾಯಿಂಟಿನ ಮಾತಿನಿಂದ ಆರಂಭವಾದ ಪ್ರಯಾಣವು ಪಾಯಿಂಟಿನ ಮಾತಿನಿಂದಲೇ ನಿಂತುಹೋಯಿತು.

ಅದೇ ವರ್ಷ ಜುಲೈ ತಿಂಗಳಿನಲ್ಲಿ ಆ ವಿಮಾನಸಂಸ್ಥೆಯಿಂದ ಒಂದು ಪತ್ರ ಬಂದಿತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದು ಬೇಡ, ತಪ್ಪು ನಮ್ಮದು. ಗೋವೆಯಲ್ಲಿ ಮೂರು ರಾತ್ರಿಯ ವಾಸ, ಇಬ್ಬರಿಗೆ ಹೋಗಿಬರುವ ವಿಮಾನ, ಬೆಳಗಿನ ತಿಂಡಿ ಸಹ, "34,000 ರೂಪಾಯಿ ಬೆಲೆಯ ವಿಹಾರ, ಕೇವಲ 48,000 ಪಾಯಿಂಟು ಮತ್ತು 9,400 ರೂಪಾಯಿಗೆ, ಮೂರು ದಿನ ಮಾತ್ರ" ಎಂದು ಅದರಲ್ಲಿತ್ತು. ಆ "ಮೂರು ದಿನ ಮಾತ್ರ" ಎಂಬ ಮಾತೇ ನಮ್ಮ ಬುದ್ಧಿಯನ್ನು ಕೆಡಿಸಿತು. ಮನೆಯವರೊಡನೆ ಗೋವೆಗೆ ಹೊರಟೆವು. ಮೂರು ದಿನವೂ ಮಳೆ ಬಿಡಲಿಲ್ಲ. ಸಮುದ್ರದಲ್ಲಿ ಇಳಿಯಬಾರದೆಂದು ಕೆಂಪು ಬಾವುಟ ಹಾರಿಸಿದ್ದರು. ಹೋಟೆಲು ಊರಿಗೆ ದೂರವಿದ್ದುದರಿಂದ ಎರಡು ಹೊತ್ತಿನ ಊಟಕ್ಕೂ ಟ್ಯಾಕ್ಸಿಗೂ 7,000 ರೂಪಾಯಿ ಮೇಲುಖರ್ಚಾಯಿತು. ಕಿಟಕಿಯ ಬಳಿ ಕುಳಿತು ಮಳೆ ನೋಡಲು ಇಷ್ಟು ದೂರ ಬರಬೇಕಾಗಿತ್ತೆ ಎಂದು ಮನೆಯವರು ನಕ್ಕರು.

ಊರಿಗೆ ಮರಳಿದಮೇಲೆ ತಾಯಿಯವರು, "ಅಂಗಡಿಯಲ್ಲಿ ಇದಕ್ಕೆ ಎಷ್ಟಾಗುತ್ತಿತ್ತು?" ಎಂದು ಕೇಳಿದರು. ಅದು ಡಬರಿಯ ಪ್ರಶ್ನೆ. ನಾವು ಅಂದು ರಾತ್ರಿ ಕುಳಿತು ವಿಚಾರಿಸಿದೆವು. ಮಳೆಗಾಲದಲ್ಲಿ ಗೋವೆಗೆ ಹೋಗುವವರು ಕಡಿಮೆಯಾದುದರಿಂದ, ಅವೇ ದಿನಗಳಿಗೆ ಇಬ್ಬರ ಟಿಕೇಟು 13,000 ರೂಪಾಯಿಗೂ, ಅದೇ ಹೋಟೆಲಿನ ಅದೇ ಕೋಣೆ ದಿನಕ್ಕೆ 3,600ರಂತೆ 10,800 ರೂಪಾಯಿಗೂ ದೊರೆಯುತ್ತಿದ್ದುವು. ಒಟ್ಟು 23,800, ಪತ್ರದಲ್ಲಿ ಕಂಡ 34,000 ಯಾರೂ ಕೊಡದ ಬೆಲೆ. ಅದರಲ್ಲಿ ನಾವು ತೆತ್ತ 9,400ನ್ನು ಕಳೆದರೆ 14,400 ಉಳಿಯಿತು. ಅದನ್ನು 48,000 ಪಾಯಿಂಟುಗಳಿಗೆ ಹಂಚಿದರೆ ಒಂದಕ್ಕೆ 30 ಪೈಸೆ. ತಾಯಿಯವರ ಪ್ರಯಾಣಕ್ಕೆ 41 ಪೈಸೆ ಸಾಲದೆಂದ ಲೆಕ್ಕಪರಿಶೋಧಕರು, ಮಳೆ ನೋಡುವುದಕ್ಕಾಗಿ 30 ಪೈಸೆಗೆ ಒಪ್ಪಿದ್ದರು. ಅದೂ ಹೆಚ್ಚಿನ ಲೆಕ್ಕವೇ. ಏಕೆಂದರೆ ಆ ಪತ್ರ ಬಾರದಿದ್ದರೆ ನಾವು ಮಳೆಗಾಲದಲ್ಲಿ ಗೋವೆಗೆ ಹೋಗುತ್ತಲೇ ಇರಲಿಲ್ಲ.

2024ರ ಫೆಬ್ರವರಿಯ ಒಂದು ಸಂಜೆ ಮಾಟುಂಗದಿಂದ ದೂರವಾಣಿ ಬಂದಿತು. ದೊಡ್ಡಮ್ಮನವರು ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾದಮೇಲೆ ಶ್ವಾಸಕೋಶದಲ್ಲಿ ಕಫ ಕಟ್ಟಿ, ವೈದ್ಯರು ನೋಡಬೇಕಾದವರು ಬಂದು ನೋಡಲಿ ಎಂದಿದ್ದರು. ಮರುದಿನ ಬೆಳಗಿನ ವಿಮಾನದಲ್ಲಿ ಒಬ್ಬರ ಟಿಕೇಟಿಗೆ 13,900 ರೂಪಾಯಿ. ಆದರೆ ಪಾಯಿಂಟಿನ ದರ ಆಗಲೂ ಮೊದಲಿನಂತೆಯೇ 9,000 ಮತ್ತು 900 ರೂಪಾಯಿ. ಗೋವೆಯಿಂದ ಉಳಿದಿದ್ದ 11,000 ಪಾಯಿಂಟುಗಳಲ್ಲಿ ತಾಯಿಯವರ ಟಿಕೇಟನ್ನು ತೆಗೆದೆವು. ನಮ್ಮದಕ್ಕೆ ಹಣ ಕೊಟ್ಟೆವು. ಅಂದು ಉಳಿದುದು 13,000 ರೂಪಾಯಿ. ಪಾಯಿಂಟು ಒಂದಕ್ಕೆ 1 ರೂಪಾಯಿ 44 ಪೈಸೆ. ಗೋವೆಯಲ್ಲಿ ಕರಗಿಹೋದ 48,000 ಪಾಯಿಂಟುಗಳಿಂದ ಮುಂಬಯಿಗೆ ಇಂಥ ಐದು ಟಿಕೇಟುಗಳು ದೊರೆತು ಇನ್ನೂ 3,000 ಉಳಿಯುತ್ತಿದ್ದುವೆಂದು ವಿಮಾನದಲ್ಲಿ ಕುಳಿತಾಗ ಲೆಕ್ಕ ತಾನಾಗಿಯೇ ಬಂದಿತು.

ದೊಡ್ಡಮ್ಮನವರು ತಂಗಿಯ ಗುರುತು ಹಿಡಿದರು. ಎರಡು ದಿನ ಅಕ್ಕತಂಗಿಯರು ಕೈ ಹಿಡಿದುಕೊಂಡೇ ಇದ್ದರು; ಮಾತು ಹೆಚ್ಚಾಗಿ ತಾಯಿಯವರದೇ. ಹತ್ತನೆಯ ದಿನ ದೊಡ್ಡಮ್ಮನವರು ಹೋದರು. ಊರಿಗೆ ಹಿಂದಿರುಗುವಾಗ ತಾಯಿಯವರು ಹೇಳಿದ್ದು ಇಷ್ಟೇ: "ಹೋದ ವರ್ಷ ಬಂದಿದ್ದರೆ ಇಬ್ಬರೂ ಮಾರ್ಕೆಟ್ಟಿಗೆ ನಡೆದುಹೋಗಿ ಬರಬಹುದಾಗಿತ್ತು." ಅದರಲ್ಲಿ ದೂರೇನೂ ಇರಲಿಲ್ಲ. ನಮಗೆ ಮಾತ್ರ ಮರೆಯಲಾಗಿಲ್ಲ.

ಈ ಅನುಭವದಿಂದ ನಾವು ಗೊತ್ತುಮಾಡಿಕೊಂಡಿರುವ ಕೆಲವು ಸಂಗತಿಗಳನ್ನು ವಾಚಕರ ಉಪಯೋಗಕ್ಕಾಗಿ ಹೇಳುತ್ತೇವೆ.

ಮೊದಲನೆಯದಾಗಿ, ವಿಹಾರದ ಬೆಲೆಯೆಂದು ಪತ್ರದಲ್ಲಿ ಬರೆದುದನ್ನು ನಂಬದೆ, ಅದೇ ದಿನದ ಅದೇ ವಿಮಾನಕ್ಕೂ ಅದೇ ಹೋಟೆಲಿಗೂ ಹೊರಗಡೆ ಎಷ್ಟೆಂದು ಬೇರೆಬೇರೆಯಾಗಿ ವಿಚಾರಿಸತಕ್ಕದ್ದು. ಅದರಲ್ಲಿ ಪಾಯಿಂಟಿನೊಡನೆ ಕೊಡಬೇಕಾದ ತೆರಿಗೆಯನ್ನೂ ಶುಲ್ಕವನ್ನೂ ಕಳೆದು, ಉಳಿದುದನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದರ ಬೆಲೆ ಬರುವುದು. ಹಣ ಕೊಟ್ಟು ಹೋಗಿದ್ದರೆ ಹೊಸ ಪಾಯಿಂಟುಗಳು ಬರುತ್ತಿದ್ದುವು, ಪಾಯಿಂಟಿನ ಟಿಕೇಟಿಗೆ ಸಾಮಾನ್ಯವಾಗಿ ಅವು ಬರುವುದಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೆಯದಾಗಿ, ನಮ್ಮ ಕೈಯಿಂದ ನಿಜವಾಗಿಯೂ ಹೋಗುತ್ತಿದ್ದ ಹಣವೇ ಉಳಿತಾಯ. ಮಿಕ್ಕದ್ದು ಕಾಗದದ ಮೇಲಿನದು. ಲಕ್ಷ ರೂಪಾಯಿಯ ಮೇಲ್ದರ್ಜೆಯ ಆಸನವನ್ನು ಪಾಯಿಂಟಿಗೆ ಪಡೆದು, ಒಂದೊಂದು ಪಾಯಿಂಟಿಗೂ ಮೂರು ರೂಪಾಯಿ ಬಂದಿತೆಂದು ಹಿಗ್ಗುವವರನ್ನು ನಾವು ಬಲ್ಲೆವು. ಅಂಥ ಆಸನಕ್ಕೆ ಅವರು ಎಂದಾದರೂ ಲಕ್ಷ ಕೊಡುತ್ತಿದ್ದರೆ? ಹತ್ತು ಸಾವಿರದ ಸಾಮಾನ್ಯ ಆಸನವೇ ಅವರಿಗೆ ಸಾಕಾಗುತ್ತಿದ್ದರೆ, ಉಳಿದುದು ಆ ಹತ್ತು ಸಾವಿರವೇ. ಸುಖಪ್ರಯಾಣದ ಆಸೆ ತಪ್ಪಲ್ಲ. ಅದನ್ನು ಸುಖವೆಂದೇ ಬರೆದಿಡಬೇಕು, ಉಳಿತಾಯವೆಂದಲ್ಲ.

ಮೂರನೆಯದಾಗಿ, ಪಾಯಿಂಟು ಬಡ್ಡಿ ತರುವ ಠೇವಣಿಯಲ್ಲ. ಅದಕ್ಕೆ ಅವಧಿಯುಂಟು, ಅದರ ದರವನ್ನು ಸಂಸ್ಥೆಯವರು ಬೇಕೆಂದಾಗ ಬದಲಾಯಿಸಬಲ್ಲರು. 2015ರಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆಯು ಯಾವ ಪ್ರಯಾಣಕ್ಕೆ ಎಷ್ಟು ಮೈಲಿಯೆಂಬ ಪಟ್ಟಿಯನ್ನೇ ತೆಗೆದುಹಾಕಿತು. ನಮ್ಮ ದೇಶದಲ್ಲಿ 2024ರಲ್ಲಿ ಏರ್ ಇಂಡಿಯಾದವರು, ಹಾರಿದ ದೂರವನ್ನು ಬಿಟ್ಟು ತೆತ್ತ ಹಣವನ್ನು ನೋಡಿ ಪಾಯಿಂಟು ಕೊಡುವ ಪದ್ಧತಿಗೆ ಬಂದರು. ಸಂಸ್ಥೆಯೇ ಮುಳುಗುವುದೂ ಉಂಟು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತಾಗ ಸದಸ್ಯರು ಕೂಡಿಟ್ಟದ್ದೂ ನಿರರ್ಥಕವಾಯಿತು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಮೇಲೆ ಅದರ ಯೋಜನೆಯು ಇಂಟರ್‌ಮೈಲ್ಸ್ ಎಂಬ ಹೆಸರಿನಿಂದ ಮುಂದುವರಿದರೂ, ಕೂಡಿಟ್ಟವರು ಜೆಟ್ ವಿಮಾನದಲ್ಲಿ ಕೂರುವ ಆಸೆಯನ್ನು ಬಿಡಬೇಕಾಯಿತು. 2024ರ ನವೆಂಬರಿನಲ್ಲಿ ವಿಸ್ತಾರವು ಏರ್ ಇಂಡಿಯಾದಲ್ಲಿ ಲೀನವಾದಾಗ ಪಾಯಿಂಟುಗಳು ಹೊಸ ಮನೆಗೆ ವರ್ಗವಾದುವೆಂಬುದು ಸಮಾಧಾನದ ಸಂಗತಿ. ಆದುದರಿಂದ ಒಂದು ತುರ್ತು ಪ್ರಯಾಣಕ್ಕೆ ಬೇಕಾದಷ್ಟನ್ನು ಕೈಯಲ್ಲಿಟ್ಟುಕೊಂಡು, ಮಿಕ್ಕದ್ದನ್ನು ಬೇಕಾದ ಪ್ರಯಾಣಕ್ಕೆ ಬೇಗನೆ ಬಳಸುವುದೇ ಜಾಣತನ. ತುರ್ತಿಗೆಂದು ಇಡುವಾಗಲೂ ಒಂದು ಎಚ್ಚರವಿರಲಿ: ಪ್ರತಿಯೊಂದು ಊರಿಗೂ ಇಷ್ಟೇ ಪಾಯಿಂಟೆಂದು ಗೊತ್ತುಮಾಡಿದ ಸಂಸ್ಥೆಯಲ್ಲಿ ಮಾತ್ರ ಅಂದು ನಮಗಾದ ಲಾಭ ಆಗುವುದು, ಟಿಕೇಟಿನ ದರ ಏರಿದಂತೆ ಪಾಯಿಂಟನ್ನೂ ಏರಿಸುವ ಸಂಸ್ಥೆಯಲ್ಲಿ ಆಗದು. ಪಾಯಿಂಟಿಗೆ ಕೊಡುವ ಆಸನಗಳೂ ಕೆಲವೊಮ್ಮೆ ಕೆಲವೇ ಇರುವುವು.

ಕೊನೆಯದಾಗಿ, ಪಾಯಿಂಟಿಗಾಗಿ ಖರ್ಚು ಮಾಡಲಾಗದು. ಕಾರ್ಡಿನಲ್ಲಿ ನೂರು ರೂಪಾಯಿ ಖರ್ಚಿಗೆ ಮೂರು ಪಾಯಿಂಟು ಬಂದು, ಒಂದಕ್ಕೆ 40 ಪೈಸೆಯಾದರೆ, ಲಾಭ 1 ರೂಪಾಯಿ 20 ಪೈಸೆ. ಬಾಕಿಯನ್ನು ಒಂದು ತಿಂಗಳು ಉಳಿಸಿಕೊಂಡರೆ ಅದೇ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಬೀಳುವುದು ಸಾಮಾನ್ಯ. ಡಬರಿಯ ಆಸೆಗೆ ಹೊಸ ಸೀರೆಯನ್ನು ಕೊಂಡು ಬುಟ್ಟಿಯವಳಿಗೆ ಕೊಡುವ ಗೃಹಿಣಿಯು ನಮ್ಮ ನಾಡಿನಲ್ಲಿ ಇರಲಾರಳು.

ನಮ್ಮ ಮನೆಯಲ್ಲಿ ಈಗ ಹಾಲು, ಮೊಸರು, ದಿನಸಿಗಳ ಲೆಕ್ಕದ ಪುಸ್ತಕದಲ್ಲಿಯೇ ಪಾಯಿಂಟಿಗೂ ಒಂದು ಪುಟವಿದೆ. ಎಷ್ಟಿವೆ, ಯಾವ ತಿಂಗಳಿಗೆ ಮುಗಿಯುವುವು, ಯಾರು ಎಲ್ಲಿಗೆ ಹೋಗಬೇಕೆಂದಿರುವರು ಎಂಬ ಮೂರು ಅಂಕಣಗಳು ಅದರಲ್ಲಿವೆ. ಮೂರನೆಯ ಅಂಕಣವನ್ನು ತುಂಬುವವರು ತಾಯಿಯವರು.

2025ರ ಗೌರೀಹಬ್ಬಕ್ಕೆ ದೊಡ್ಡಮ್ಮನವರ ಮಗಳನ್ನು ಮುಂಬಯಿಯಿಂದ ಕರೆಸಬೇಕೆಂದು ಅವರು ಬರೆಸಿದರು. ನಮ್ಮ ಪುಟದಲ್ಲಿ ಆಗ 20,000 ಪಾಯಿಂಟುಗಳಿದ್ದುವು. ಹೋಗಿಬರುವ ಟಿಕೇಟಿಗೆ 18,000 ಹಿಡಿದುವು. ಅಕ್ಕನವರು ಬಂದರು, ನಮ್ಮ ಮನೆಯವರು ಮೊರದ ಬಾಗಿನ ಕೊಟ್ಟರು. ಮೂರು ದಿನ ಬೆಳಗ್ಗೆ ತಾಯಿಯವರೂ ಅವರೂ ಕೈಚೀಲ ಹಿಡಿದು ಗಾಂಧೀಬಜಾರಿಗೆ ಹೋಗಿ, ಬೇಕಾದುದಕ್ಕಿಂತ ಹೆಚ್ಚು ತರಕಾರಿಯನ್ನು ತಂದರು.

ಅಭ್ಯಾಸಬಲದಿಂದ ಆ ಪ್ರಯಾಣದ ಬೆಲೆಯನ್ನೂ ನಾವು ಕಟ್ಟಿದೆವು. ಪಾಯಿಂಟು ಒಂದಕ್ಕೆ 38 ಪೈಸೆ ಬಂದಿತು. ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ, ತಾಯಿಯವರಿಗೆ ತೋರಿಸಿಲ್ಲ.